ಐದು ಅಕ್ರೋಟು

ನಾವು ನಾಲ್ವರು. ಒಂದೇ ಕೋಣೆಯಲ್ಲಿ ಎಂದೂ ಕೆಮ್ಮಿದವರಲ್ಲ.
ಬತೂಮಿಯ ಮೂರನೇ ಮಹಡಿಯಲ್ಲಿ ನಾನು, ಲಮಾರಾ.
ಮೊಂಬಾಸಾದಲ್ಲಿ ಮ್ವಾನಜುಮಾ, ಮಾತಿನ ಹಿಂದೆ ಸದಾ ಫ್ಯಾನಿನ ಸದ್ದು.
ಫ್ಯಾರೋ ದ್ವೀಪದಲ್ಲಿ ರಾನ್ವಾ, ಅವಳ ಕಿಟಕಿಯಲ್ಲಿ ಬರೀ ಮಂಜು.
ನೆಲ ಮುಗಿಯುವಲ್ಲಿ, ಪುಂತಾ ಅರೇನಾಸ್‌ನಲ್ಲಿ, ಎಲಿಸೆಯೋ.
ಸಣ್ಣ ಹಡಗುಗಳ ನಕಾಶೆಯಲ್ಲಿ
ನೀರಿನ ಆಳ ತಿದ್ದುವುದು ನಮ್ಮ ಕೆಲಸ.
ಕಾಲು ಒದ್ದೆಯಾಗದೆ ಕಡಲು ಅಳೆಯುವವರು.

ಕಳೆದ ಚಳಿಗಾಲ ಆಫೀಸು
ನಮ್ಮ ಚಾಟಿಗೊಂದು ಬಾಟ್ ತಂದು ಕೂರಿಸಿತು.
ಹೆಸರು ನಿಗೋಜಿ; ಅಕ್ರೋಟಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ.
ತಲೆಗೆ ದಿನಕ್ಕೆ ಐದು. ಇಟ್ಟುಕೊಳ್ಳುವಂತಿಲ್ಲ, ಕೊಡಬೇಕು,
ಯಾಕೆಂದು ಒಂದು ಸಾಲು ಬರೆದು.
ಬರೆಯಲಾಗದಿದ್ದರೆ ಹೆಸರಿಲ್ಲದೆಯೂ ಕೊಡಬಹುದು.
ನಡುರಾತ್ರಿಗೆ ಉಳಿದದ್ದು ಕೊಳೆಯುತ್ತದೆ.
'ಯಾರ ನಡುರಾತ್ರಿ?' ಎಂದು ಕೇಳಿದಳು ರಾನ್ವಾ.
ಯಂತ್ರ ಉತ್ತರವಾಗಿ ಒಂದು ಕುಣಿಯುವ ಅಳಿಲು ಕಳಿಸಿತು.

ನಕ್ಕೆವು. ಆಮೇಲೆ, ಹೇಳಲು ನಾಚಿಕೆ,
ಎಣಿಸತೊಡಗಿದೆವು.
ನಾನು ಮ್ವಾನಜುಮಾಗೆ ಮೂರು ಕೊಟ್ಟರೆ
ಸಂಜೆಯೊಳಗೆ ಮೂರು ವಾಪಸು,
ಮದುವೆ ಮನೆಯ ಮುಯ್ಯಿಯ ಹಾಗೆ.
ಬೆಳಿಗ್ಗೆ ಎದ್ದು ಫೋನು ತೆರೆದರೆ
ಒಂದೋ ಎರಡೋ ಅಕ್ರೋಟು ಮೊದಲೇ ಬಿದ್ದಿರುತ್ತಿದ್ದವು,
ಹೆಸರಿಲ್ಲ, ಸಾಲಿಲ್ಲ.
ಯಂತ್ರದ ಉಪಚಾರ ಅಂದುಕೊಂಡೆವು,
ಹೋಟೆಲಿನವರು ದಿಂಬಿನ ಮೇಲೆ ಚಾಕಲೇಟು ಇಟ್ಟಂತೆ.

ಶುಕ್ರವಾರದ ಪಟ್ಟಿಯಲ್ಲಿ ಎಲಿಸೆಯೋ ಮುಂದೆ ಸೊನ್ನೆ.
ಮರುವಾರ ಸೊನ್ನೆ. ಆ ಮರುವಾರವೂ.
ನಮಗೆ ನಡುರಾತ್ರಿಯಾದಾಗ ಅವನಿಗೆ ಸಂಜೆ ಐದು;
ಅವನು ಕುರ್ಚಿ ಎಳೆದುಕೊಳ್ಳುವ ಹೊತ್ತಿಗೆ
ನಮ್ಮ ಹಸಿರು ಚುಕ್ಕಿಗಳು ಆರಿರುತ್ತವೆ.
ಅವನ ಕೆಲಸ ಸರಿಯಾದ ದಿನ ಏನೂ ಆಗುವುದಿಲ್ಲ.
ಏನೂ ಆಗದ್ದಕ್ಕೆ ಯಾರು ಶಾಭಾಸ್ ಹೇಳುತ್ತಾರೆ?

ಬಾಟ್ ಕೆಟ್ಟಿರಬೇಕೆಂದು
ಅಕ್ಟೋಬರಿನ ಒಂದು ರಾತ್ರಿ ಲೆಕ್ಕದ ಹಾಳೆ ತೆರೆದೆ.
ತಂಡದ ಯಜಮಾನಿಗೆ ಮಾತ್ರ ಕಾಣುವ ಹಾಳೆ,
ಹತ್ತು ತಿಂಗಳಿಂದ ನಾನು ತೆರೆದೇ ಇರಲಿಲ್ಲ.
ಎಲಿಸೆಯೋ ಬಾರ್ರಿಯಾ, ಕೊಟ್ಟದ್ದು: ಐದು.
ಮರುದಿನ: ಐದು.
ಕ್ರಿಸ್‌ಮಸ್ ದಿನ, ಹಲ್ಲು ಕೀಳಿಸಿಕೊಂಡ ದಿನ: ಐದು.
ಮೂವರಿಗೆ ಹಂಚಿದ್ದ, ಎರಡು, ಎರಡು, ಒಂದು.
ಇವತ್ತು ಒಂದು ಸಿಕ್ಕವಳಿಗೆ
ನಾಳೆ ತಪ್ಪದೆ ಎರಡು.

ಬರೆಯಲು ಕೂತೆ.
'ನೀನು ನಮ್ಮ ತಂಡದ ಆಧಾರಸ್ತಂಭ' — ಥೂ, ಅಳಿಸಿದೆ.
ಚಪ್ಪಾಳೆಯ ಚಿತ್ರ ಹಾಕಿ ತೆಗೆದೆ.
ಕೊನೆಗೆ ಇಷ್ಟು:
'ಮಂಗಳವಾರ ನನ್ನ ಗಡಿಯಾರದ ಮೂರೂ ಹತ್ತಕ್ಕೆ
ನಾನು 4.2 ಎಂದು ಬರೆದಿದ್ದನ್ನು ನೀನು 2.4 ಮಾಡಿದೆ.
ಬುಧವಾರ ಒಂದು ಮೀನುದೋಣಿ ಆ ದಿಬ್ಬ ಬಳಸಿ ಹೋಯಿತು.
ತಪ್ಪು ನನ್ನದು. ನೋಡಿದೆ.'

ಮೂರು ಚುಕ್ಕಿ ಮೂಡಿದವು. ನಿಂತವು. ಮತ್ತೆ ಮೂಡಿದವು.
ಕೆಟಲಿನಲ್ಲಿ ನೀರು ಕುದಿದು ಆರಿತು.
ಬಂದದ್ದು:
'ಇಲ್ಲಿ ಗಾಳಿ ಜೋರು. ನೀನ್ಯಾಕೆ ಇನ್ನೂ ಮಲಗಿಲ್ಲ?'

ಬೆಳಗಾದ ಮೇಲೆ ಅಂಗಳಕ್ಕಿಳಿದೆ.
ಪಕ್ಕದ ಮನೆಯ ತೆನ್ಗಿಜ್ ಕೋಲಿನಿಂದ ಮರ ಬಡಿದು
ಮೊನ್ನೆಯೇ ಸುಗ್ಗಿ ಮುಗಿಸಿದ್ದ.
ಎಲೆಮರೆಯಲ್ಲಿ ಒಂದು ಕಾಯಿ ಉಳಿದಿತ್ತು,
ಕಟ್ಟೆ ಹತ್ತಿ ಕಿತ್ತು, ಹಸಿರು ಸಿಪ್ಪೆ ಸುಲಿದೆ.
ಅಂಚೆಯಲ್ಲಿ ಕಳಿಸೋಣವೆಂದರೆ
ಅವನ ದೇಶದ ಸುಂಕದವರು ಬೀಜ ಒಳಗೆ ಬಿಡುವುದಿಲ್ಲವಂತೆ.
ಒಡೆದು ನಾನೇ ತಿಂದೆ, ಸ್ವಲ್ಪ ಒಗರು.

ಅಕ್ರೋಟಿನ ಕಪ್ಪು ಸೋಪಿಗೆ ಬಗ್ಗುವುದಿಲ್ಲ.
ಒಂದು ವಾರ ಆ ಬೆರಳುಗಳಲ್ಲೇ ಆಳಗಳನ್ನು ಟೈಪಿಸಿದೆ,
ಪ್ರತಿ ಅಂಕಿಯನ್ನೂ ಎರಡು ಸಲ ನೋಡಿ.