ಒಂದು ಮೊಳ, ಎರಡು ಬೆರಳು

ಮೂರು ತಂದು ಬಾನೆಟ್ಟಿನ ಮೇಲೆ ಮಲಗಿಸಿದ ಇನಾಯತ್.
ಒಂದು ಗಿಡ್ಡ, ರಬ್ಬರಿನದು, ಇಲಿಯ ಬಾಲ.
ಒಂದು ಗಾಳದ ಕೋಲಿನಷ್ಟು ಉದ್ದ, ಬುಡದಲ್ಲಿ ಸ್ಪ್ರಿಂಗು.
ಇನ್ನೊಂದು, ಗಾಳಿಗೆ ಮಗುಚಿ ಬಟ್ಟೆ ಹಾರಿಹೋದ ಕೊಡೆ.

"ಇದು ಎಲ್ಲಾನೂ ಕೇಳ್ತದೆ," ಅಂದ ಕೊಡೆಯನ್ನು ಎತ್ತಿ.
ಆಮೇಲೆ ತಾನೇ ಕೆಳಗಿಟ್ಟು,
"ಎಲ್ಲಾ ಕೇಳೋದಕ್ಕೆ ಒಂದೂ ನೆಟ್ಟಗೆ ಕೇಳಲ್ಲ."

ನನಗೆ ಬೇಕಾದ್ದು ಐದೇ ದನಿ.
ಐದು ಆನೆಗಳ ಕೊರಳಪಟ್ಟಿ,
ಆಲೂರಿನ ಆಚೆ ಕಾಫಿಯೊಳಗೆ ಎಲ್ಲೋ ನಿಂತು
ಸೆಕೆಂಡಿಗೊಮ್ಮೆ ಟಿಕ್ ಅನ್ನುವಂಥವು.
ನನ್ನ ಬೊಲೆರೊ ತಿಂಗಳ ಬಾಡಿಗೆಗೆ. ಅದರ ಜೊತೆಗೆ ನಾನೂ.
ವಿಲ್ಮಾ ಮೇಡಂ ತೊಡೆಯ ಮೇಲೆ ಸ್ಕ್ಯಾನರು:
ಒಂದನೇ ನಂಬರಿನ ಬಾಗಿಲು ತಟ್ಟಿ, ಎರಡು ಸೆಕೆಂಡು ನಿಂತು,
ಎರಡನೆಯದಕ್ಕೆ, ಮೂರನೆಯದಕ್ಕೆ,
ಅಂಚೆಯಣ್ಣನ ಹಾಗೆ ಸುತ್ತುತ್ತಲೇ ಇರುತ್ತದೆ.
ನಾಲ್ಕನೇ ಮನೆ ಖಾಲಿ.
ಹೋದ ಮಾಗಿಯಲ್ಲಿ ಕರೆಂಟಿನ ತಂತಿ ತಗುಲಿತು ಆ ಒಂಟಿಕೋರೆಗೆ.
ಮೇಡಂ ನಂಬರು ಅಳಿಸಿಲ್ಲ.
ಸ್ಕ್ಯಾನರು ಅಲ್ಲೂ ನಿಲ್ಲುತ್ತದೆ,
ಜೋಳ ಹುರಿಯುವ ಸದ್ದು ಕೇಳಿ ಮುಂದಕ್ಕೆ ಹೋಗುತ್ತದೆ.

ಈವರೆಗೆ ಆಯಸ್ಕಾಂತದ್ದಿತ್ತು.
ಟಾಪಿನ ಮೇಲೆ ಟಪ್ ಅಂತ ಕೂರುತ್ತಿತ್ತು,
ಸಿಲ್ವರ್ ಓಕಿನ ಕೊಂಬೆ ಬಡಿದರೆ ಟಪ್ ಅಂತ ಏಳುತ್ತಿತ್ತು.
ಮೂರು ಸಲ ಹಿಂದಕ್ಕೆ ನಡೆದು ಹುಡುಕಿ ತಂದೆ.
ನಾಲ್ಕನೇ ಸಲ ಇಳಿಯಲಿಲ್ಲ.
ಕೊಂಬೆ ಅಲ್ಲಾಡಿಸುತ್ತಿದ್ದದ್ದು ನಮ್ಮ ಗಾಡಿಯಲ್ಲ.

"ಬಂಪರಿಗೆ ಕಟ್ಟಿಬಿಡು," ಅಂದೆ.
"ಪ್ಲಾಸ್ಟಿಕ್ಕು ಅದು. ಆಕಾಶದ ಮಾತು ಕೇಳ್ಬೇಕು ಅಂದ್ರೆ
ಕಾಲಡಿಗೆ ತಗಡಿನ ನೆಲ ಬೇಕು.
ಈ ಕಡ್ಡಿ ಬರೀ ಅರ್ಧ ಏರಿಯಲ್ಲು,
ಉಳಿದರ್ಧ ನಿಮ್ಮ ಟಾಪೇ.
ನಟ್ಟನಡುವೆ ತೂತು ಕೊರೀಬೇಕು."

ತೂತು.
ಇನ್ನೂ ಹತ್ತೊಂಬತ್ತು ಕಂತು ಬಾಕಿ ಇರುವ ಟಾಪಿಗೆ.
ಒಂದು ಟೀ ಕುಡಿದೆ. ಇನ್ನೊಂದು ಟೀ ಕುಡಿದೆ.
ಕಟ್ಟಿನಕೆರೆ ಮಾರ್ಕೆಟ್ಟಿನ ಕಡೆ ನೋಡುತ್ತಾ,
"ಕೊರಿ," ಅಂದೆ.

ಉದ್ದ ಎಷ್ಟಿರಬೇಕು?
"ಅಲೆ ಎರಡು ಮೀಟರು. ಅಷ್ಟೂ ಬೇಡ, ಕಾಲುಭಾಗ ಸಾಕು."
ಆನೆಗೆ ಕಾಲುಭಾಗ ಕಿವಿ ಸಾಕಂತೆ!
ನಮ್ಮನೆಯಲ್ಲಿ ಎರಡೂ ಕೊಟ್ಟರೂ ಸಾಲದು.

ಟೇಪು ಸಿಗಲಿಲ್ಲ. ಹುಡುಗ ಎಲ್ಲಿ ಬಿಟ್ಟನೋ.
"ಹೋಗ್ಲಿ, ಒಂದು ಮೊಳ, ಮೇಲೊಂದು ಬೆರಳು," ಅಂದ ಇನಾಯತ್.
ಯಾರ ಮೊಳ?
ಅವನದು ಏಣಿಯಂಥ ಕೈ, ನನ್ನದು ಮುರಿದು ಕೂಡಿದ್ದು.
ಪಕ್ಕದಲ್ಲಿ ಕಾಕಡ ಕಟ್ಟುತ್ತಿದ್ದ ಹೊಂಬಾಳಮ್ಮ
ದಾರ ಹಲ್ಲಲ್ಲಿ ಕಚ್ಚಿಕೊಂಡೇ ಕೈ ಚಾಚಿದಳು.
"ನನ್ನ ಕೈ ಗಿಡ್ಡ ಅಂತ ಇಡೀ ಹಾಸನ ಬಯ್ತದೆ.
ಅದಕ್ಕೇ ಎರಡು ಬೆರಳು ಜಾಸ್ತಿ ಬಿಡೋದು.
ತಗೋ, ಹಿಡಿ."

ಮೊಣಕೈಯಿಂದ ನಡುಬೆರಳ ತುದಿಗೆ ಉಕ್ಕಿನ ಕಡ್ಡಿ,
ಮೇಲೆ ಎರಡು ಬೆರಳು, ಹೂವಿನ ಹಸಿ ಇನ್ನೂ ಆರದ್ದು.
ಇನಾಯತ್ ಗುರುತು ಹಾಕಿದ,
ಕೂದಲೆಳೆ ಬಿಟ್ಟು ಕತ್ತರಿಸಿದ.
"ಉದ್ದ ಆದ್ರೆ ಕಡೀಬಹುದು. ಗಿಡ್ಡ ಆದ್ರೆ ಬೆಳೆಸೋಕಾಗಲ್ಲ."

ಸಂಜೆ ಕೆಂಚಮ್ಮನ ಹೊಸಕೋಟೆಯ ದಾರಿ.
ಒಂದನೆಯದು ಇಲ್ಲ. ಎರಡನೆಯದು ಟಿಕ್.
ಮೇಡಂ ಕೈ ಎತ್ತಿದರು, ಎಂಜಿನ್ ಆರಿಸಿದೆ.
ಟಿಕ್. ಟಿಕ್.
ಯಾವ ದಿಕ್ಕು ಅನ್ನೋದು ಆಮೇಲಿನ ಮಾತು,
ಅದಕ್ಕೆ ಕೈಯಲ್ಲಿ ಹಿಡಿದು ತಿರುಗಿಸುವ ಮೀನಿನಮುಳ್ಳು ಬೇರೆ ಇದೆ.
ಇದ್ದಾಳೆ ಅನ್ನೋದಷ್ಟೇ ಈ ಕಡ್ಡಿಯ ಮಾತು.
ಮೂರನೆಯದಕ್ಕೂ ಕೇಳಿತು.
ನಾಲ್ಕನೆಯದಕ್ಕೆ ಎರಡು ಸೆಕೆಂಡು ನಿಂತಿತು.
ಹೊಸ ಏರಿಯಲ್ಲಿನಲ್ಲಿ
ಖಾಲಿಯೂ ಬಲು ಸ್ಪಷ್ಟ.

ಶುಕ್ರವಾರ ಹೂವಿಗೆ ನಿಂತೆ.
"ಕೇಳ್ತಾ?" ಅಂದಳು ಹೊಂಬಾಳಮ್ಮ.
ಕೇಳ್ತು.
"ಏನಂತೆ?"
ಟಿಕ್ ಅಂತೆ.
"ಅಷ್ಟೇನಾ," ಅಂತ ಮೊಳ ಹಾಕಿ,
ಎರಡು ಬೆರಳು ಬಿಟ್ಟು, ದಾರ ಕಡಿದಳು.