ಕಳೆ

ವರ್ಷವಿಡೀ ನಮ್ಮ ಶಾಲೆಯಲ್ಲಿ ಫೋನು ಕಳ್ಳಮಾಲು.
ಆ ಶುಕ್ರವಾರ ಮಾತ್ರ ವಾರ್ಡನ್
ಹಿಟ್ಟು ಕಲಸುವ ಬೋಗುಣಿಯಲ್ಲಿ ಅವನ್ನು ತಂದು
ಊಟದ ಹಾಲಿನ ಮೇಜಿಗೆ ಸುರಿದಳು:
"ಇಪ್ಪತ್ತನಾಲ್ಕು ಗಂಟೆ. ಆಮೇಲೆ ಎಣಿಸಿ ವಾಪಸು."

ನಮ್ಮ ಪಾಲಿಗೆ ಬಂದದ್ದು ಗಾಜು ಸೀಳಿದ್ದು.
ನಾನು, ಕಗೆಹಾ, ಲೆಕ್ಕದಲ್ಲಿ ಹುಲಿಯಾದ ಝೈನಬ್.
ಒಂದೇ ಪ್ಲಗ್ಗಿಗೆ ಹನ್ನೊಂದು ತಂಡ,
ಒಂದೇ ಕೆಚ್ಚಲಿಗೆ ಮುಗಿಬಿದ್ದ ಕರುಗಳ ಹಾಗೆ.

ಏನು ಮಾಡುತ್ತೀರಿ, ಕೇಳಿದರು ಓಲೂ ಮೇಷ್ಟ್ರು.
ಅಂತರಗಂಗೆ, ಎಂದೆ.
ಕಿಸುಮುವಿನಲ್ಲಿ ಹುಟ್ಟಿದವರಿಗೆ ಹೆಚ್ಚು ಹೇಳಬೇಕಿಲ್ಲ.
ರಾತ್ರಿ ಮಲಗುವಾಗ ದಡದಲ್ಲಿ ಸರೋವರ,
ಬೆಳಗೆದ್ದರೆ ಹಸಿರು ಬಯಲು, ನೇರಳೆ ಹೂ,
ಅದರ ಮೇಲೊಂದು ಕೊಕ್ಕರೆ
ಜಮೀನು ಕೊಂಡವನ ಗತ್ತಿನಲ್ಲಿ.
ನನ್ನ ಮಾವ ಒಬಿಯೆರೊ ಒಮ್ಮೆ ಅದರೊಳಗೆ ಸಿಕ್ಕಿ
ಎರಡು ರಾತ್ರಿ, ಮೂರು ಹಗಲು
ಊರಿನ ದೀಪ ಕಾಣುತ್ತಲೇ ಹಸಿದು ಕೂತಿದ್ದ.
ಎಲ್ಲ ಕತೆಗೂ ನಗುವವನು
ಅದೊಂದಕ್ಕೆ ನಗುವುದಿಲ್ಲ.

ಕಳೆ ಕಂಡ ಬೆಸ್ತ ಒಂದು ಗುಂಡಿ ಒತ್ತಬೇಕು,
ಉಳಿದವರ ನಕ್ಷೆಯಲ್ಲಿ ಹಸಿರು ಚುಕ್ಕೆ ಮೂಡಬೇಕು.
ಇಷ್ಟೇ.
ಇಷ್ಟಕ್ಕೇ ಬೆಳಗಾಯಿತು.
ಎರಡು ಗಂಟೆಗೆ ಕರೆಂಟು ಹೋದಾಗ
ಬರೆದ ಸಾಲು ಮರೆಯದಿರಲೆಂದು ಝೈನಬ್
ಕತ್ತಲಲ್ಲೇ ಅವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು,
ಆವರಣ ತೆರೆ, ಆವರಣ ಮುಚ್ಚು, ಅರ್ಧವಿರಾಮ.
ಅಡುಗೆಯವನು ರಾಗಿಗಂಜಿ ತಂದ. ಸಕ್ಕರೆ ಮರೆತಿದ್ದ.

ತೀರ್ಪುಗಾರರು ಮೂವರು, ಇಸ್ತ್ರಿ ಮಾಡಿದವರು.
ಗುಂಡಿ ಒತ್ತಿದೆ.
ಚುಕ್ಕೆ ಮೂಡಿತು,
ಸರೋವರದಲ್ಲಲ್ಲ,
ಇಪ್ಪತ್ತೆರಡು ಕಿಲೋಮೀಟರ್ ಬಡಗಣ ಗುಡ್ಡದಲ್ಲಿ,
ಭೂಮಧ್ಯರೇಖೆಯ ಆಚೆ, ಚಹಾ ಗಿಡಗಳ ನಡುವೆ.
"ಅಯ್ಯೋ, ಅದು ನಮ್ಮಜ್ಜಿಯ ತೋಟ!"
ಕಗೆಹಾ ಕೂಗಿದಳು.
ಹಾಲಿಗೆ ಹಾಲೇ ನಕ್ಕಿತು.

ನಾವಿರುವುದು ರೇಖೆಗೆ ಕೂದಲೆಳೆಯಷ್ಟು ದಕ್ಷಿಣ.
ಅಕ್ಷಾಂಶದ ಮುಂದೆ ಕಳೆಯುವ ಗುರುತು ಬೇಕು.
ಬೆಳಗಿನ ಐದಕ್ಕೆ ಸಾಲು ತಿದ್ದುವಾಗ
ನಾನೇ ಅದನ್ನು ಅಳಿಸಿದ್ದೆ.
ಒಂದು ಗೀಟು. ಇರುವೆಯುದ್ದದ್ದು.
ಕಳೆಯುವುದು ಕಳೆದು, ಕಳೆ ಗುಡ್ಡ ಹತ್ತಿತ್ತು.
ನನ್ನ ಮುಖದ ಕಳೆ ಎಲ್ಲಿಗೆ ಹೋಯಿತೋ
ಅದಕ್ಕೆ ಯಾವ ನಕ್ಷೆಯಲ್ಲೂ ಚುಕ್ಕೆಯಿಲ್ಲ.

ಬಹುಮಾನ ಹೋದದ್ದು
ಹಾಸ್ಟೆಲಿನ ನಲ್ಲಿಯಲ್ಲಿ ಬಕೆಟ್ಟಿನ ಸರದಿ ಹೇಳುವ ಆ್ಯಪಿಗೆ.
ತಕರಾರಿಲ್ಲ, ಆ ಸಾಲಿನಲ್ಲಿ ನಾನೂ ನಿಂತವಳು.
ನಮಗೆ ಒಂದೊಂದು ಟೀ ಶರ್ಟು,
ಮೂವರಿಗೂ ಒಂದೇ ಅಳತೆ: ಓಲೂ ಮೇಷ್ಟ್ರದ್ದು.

ರಜೆ ಬಂತು. ಗೀಟನ್ನು ಮರಳಿ ಅದರ ಜಾಗಕ್ಕೆ ಕೂರಿಸಿ
ಮಾವನ ಫೋನಿಗೆ ಆ್ಯಪು ಹಾಕಿ
ನಸುಕಿಗೇ ಅವನ ದೋಣಿ ಹತ್ತಿದೆ.
ಹೆಚ್ಚು ದೂರ ಹೋಗಬೇಕಾಗಲಿಲ್ಲ.
ಎದುರಿಗೇ ಇತ್ತು, ಗಾಳಿಗೆ ಉಸಿರಾಡುತ್ತ,
ದಡದ ಕಡೆಗೆ ಮೆಲ್ಲಗೆ.
ಒತ್ತು ಮಾವ, ಎಂದೆ.

ಒತ್ತಿದ.
ಏನೂ ಆಗಲಿಲ್ಲ.
ಮತ್ತೆ ಒತ್ತಿದ, ಗೆಣ್ಣು ಬೆಳ್ಳಗಾಗುವಷ್ಟು.
ಗಾಜಿನ ಮೇಲೆ ನೀರು, ಒಂದು ಮೀನಿನ ಹುರುಪೆ.

ಇಪ್ಪತ್ತನಾಲ್ಕು ಗಂಟೆ, ಹನ್ನೊಂದು ತಂಡ, ಮೂವರು ತೀರ್ಪುಗಾರರು,
ಆ ಹಾಲಿನಲ್ಲಿ ಒಬ್ಬರ ಬೆರಳೂ ಒದ್ದೆಯಿರಲಿಲ್ಲ.

ಅವನು ಬೈಯಲಿಲ್ಲ.
ದೋಣಿಯಲ್ಲಿ ಒಣಗಿದ್ದು ಏನಿದೆ ಎಂದು ಸುತ್ತ ನೋಡಿದ:
ಹಗ್ಗ, ಬಲೆ, ಹಲಗೆ, ತನ್ನದೇ ಅಂಗಿ.
ಆಮೇಲೆ ನನ್ನ ಟೀ ಶರ್ಟಿನ, ಮೊಣಕಾಲಿಗೆ ಇಳಿಬಿದ್ದಿದ್ದ
ಅಂಚು ಹಿಡಿದು
ಹೆಬ್ಬೆರಳನ್ನು ನಿಧಾನಕ್ಕೆ, ಎರಡೂ ಬದಿ
ಒರೆಸಿಕೊಂಡ.
"ಈಗ?" ಎಂದ.