ಬೊಲ್ಪುವಿನ ಕೆನೆತ

ಕಪ್ಪು ಕುದುರೆಗೆ ಬೊಲ್ಪು ಎಂದು ಹೆಸರಿಟ್ಟವರು
ವಾಮನ ಸಾಲಿಯಾನರು. ತುಳುವಿನಲ್ಲಿ ಬೆಳಕು.
ನಕ್ಕವರೇ ಮದುವೆಗೆ ಅವನೇ ಬೇಕೆಂದು ಬಂದರು.

ಆರು ವರ್ಷ ನಾನು ಅವನ ಲಗಾಮು ಹಿಡಿದು ನಡೆದಿದ್ದೇನೆ,
ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ, ಕೂಳೂರು ಸೇತುವೆಯ ಮೇಲೆ,
ಹಿಂದೆ ನಾಸಿಕ್ ಬ್ಯಾಂಡು, ಮುಂದೆ ಪಟಾಕಿ,
ಮೇಲೆ ಬೆವರುವ ಒಬ್ಬ ಮದುಮಗ.
ಸಾರೋಟಿನ ಹೆಣ್ಣು ಕುದುರೆ ಪಕ್ಕದಲ್ಲಿ ಹಾದರೆ
ಇವನ ಕುತ್ತಿಗೆ ಬಿಲ್ಲಾಗುತ್ತಿತ್ತು, ಮೇಲ್ತುಟಿ ಮಗುಚಿ
ಗಾಳಿಯನ್ನೇ ಓದುತ್ತಿದ್ದ.
ಇನ್ನೇನು ಕೆನೆಯಬೇಕು,
ಮೂಗಿನ ಮೇಲೆ ನನ್ನ ಬೆತ್ತ.
ಮದುಮಗ ಬಿದ್ದರೆ ಅಡ್ವಾನ್ಸು ವಾಪಸು ಕೊಡುವವರು ಯಾರು?

ಈಗ ಪಡುಬಿದ್ರೆಯಿಂದ ಟೆಂಪೋದಲ್ಲಿ ಒಬ್ಬಳು ಬಂದಿದ್ದಾಳೆ,
ಕಂದು ಮೈ, ಒಂದು ಕಾಲಿಗೆ ಮಾತ್ರ ಬಿಳಿ ಕಾಲ್ಚೀಲ.
ಬೆದೆಗೆ ಬಂದು ಎರಡು ದಿನ. ಬಾಲ ಸರಿಸಿ ನಿಲ್ಲುತ್ತಾಳೆ.
ಬೊಲ್ಪು ನೋಡುವುದು ಗೋಡೆಯನ್ನು.

ಒಬ್ಬರು ಮೊಟ್ಟೆ ಕೊಡಿ ಎಂದರು. ಇನ್ನೊಬ್ಬರು ಅಶ್ವಗಂಧ,
ಹೆಸರಿನಲ್ಲೇ ಕುದುರೆ ಇದೆಯಲ್ಲ ಎಂದು.
ಕುದ್ರೋಳಿಯ ಮೆಡಿಕಲ್ಲಿನವನು ಒಂದು ಇಂಜೆಕ್ಷನ್ ಕೊಟ್ಟ,
ಗಂಡಸುತನದ್ದು, ಗ್ಯಾರಂಟಿ.

ಡಾಕ್ಟರ್ ಜಸಿಂತಾ ಲಸ್ರಾದೊ ದೋಣಿಯಲ್ಲಿ ದಾಟಿ ಬಂದರು
ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ,
ಮಡಿಲಲ್ಲಿ ಸ್ಕ್ಯಾನಿನ ಪೆಟ್ಟಿಗೆ.
ಇಂಜೆಕ್ಷನ್ನಿನ ಡಬ್ಬಿ ಓದಿ ಬುಟ್ಟಿಗೆ ಎಸೆದರು:
"ಇದು ಹೊರಗಿನಿಂದ ಬಂತೆಂದರೆ ಒಳಗಿನ ಕಾರ್ಖಾನೆ
ಬಾಗಿಲು ಹಾಕುತ್ತದೆ, ಪುತ್ತಬ್ಬ."
ಬೀಜ ಅಳೆದರು, ರಕ್ತ ತೆಗೆದರು,
ಹಿಂಗಾಲು ನೋವಿದ್ದರೂ ಹತ್ತಲಾರ ಎಂದು ಕೀಲು ಕೀಲು ಒತ್ತಿದರು.
ತಗಡಿನ ಮಾಡಿನ ಕೆಳಗೆ ನಿಂತು ಏಪ್ರಿಲ್ಲಿಗೆ ಬೈದರು,
ಮೇಲೆ ಮಡಲು ಹೊದೆಸಿ ಎಂದರು.
ಮೈಯಲ್ಲಿ ಎಲ್ಲ ಸರಿ ಇದೆ, ಎಂದರು.
ಆಮೇಲೆ ಕೈ ತೊಳೆಯುತ್ತ, ನನ್ನ ಕಡೆ ನೋಡದೆ:
"ಮೂಗಿನ ಮೇಲಿನ ಗೀರು ಯಾರದು?"

ನಾನು ಕಡಲಿನ ಕಡೆ ನೋಡಿದೆ.
ಅದು ತನ್ನ ಕೆಲಸ ಮಾಡುತ್ತಿತ್ತು.

ಬೆತ್ತ ಬೇಡ. ಹಳೇ ಲಗಾಮು ಬೇಡ,
ಅದರ ಸದ್ದಿಗೇ ಅವನು ಮದುವೆಗೆ ಹೊರಟುಬಿಡುತ್ತಾನೆ.
ಹೊಸ ಹಗ್ಗ, ಹೊಸ ಅಂಗಳ, ಹೊಸ ಕೈ.
ಗಾಳಿಮರಗಳ ನಡುವೆ ಬೇಲಿಯ ಈಚೆ ಅವನು, ಆಚೆ ಅವಳು,
ದಿನಕ್ಕೊಂದು ಗಂಟೆ, ಅವನಿಂದ ಏನೂ ಕೇಳಬಾರದು.
ಕೂಗಿದರೆ ಕೂಗಲಿ.
"ಮತ್ತೆ ನೀವು," ಎಂದರು, "ಕಾಣಿಸಬಾರದು. ನಿಮ್ಮ ವಾಸನೆಯೂ."

ಹಾಗೆ ಇಪ್ಪತ್ತೆರಡು ದಿನ
ಮಗುಚಿಟ್ಟ ದೋಣಿಯ ಮರೆಯಲ್ಲಿ ಕೂತೆ.
ಹುಲ್ಲು ಕೊಯ್ದದ್ದು ನಾನು, ತಿನ್ನಿಸಿದ್ದು ಬೇರೆ ಹುಡುಗ.
ಹೊಟ್ಟೆನೋವಿನ ರಾತ್ರಿ ಅವನ ಜೊತೆ ಬೆಳಗಿನ ತನಕ ನಡೆದವನು ನಾನು
ಎಂದು ಯಾರಿಗೆ ಹೇಳುವುದು. ಹೊಡೆದವನೂ ನಾನೇ.
ಎರಡಕ್ಕೂ ಒಂದೇ ಕೈ; ಅವನಿಗದು ಗೊತ್ತಿತ್ತು.

ಅವಳ ಬೆದೆ ಇಳಿಯಿತು, ಮತ್ತೆ ಬಂತು.
ಇಪ್ಪತ್ತಮೂರನೆಯ ಸಂಜೆ ದೋಣಿಯ ಹಲಗೆ ನಡುಗಿತು.
ಮೊದಲು ಬಂದರಿನ ಹಡಗು ಎಂದುಕೊಂಡೆ.
ಅಲ್ಲ.
ಆರು ವರ್ಷದ್ದು, ಒಟ್ಟಿಗೆ.

ಉಳಿದ ಒಂದು ಹನಿಯನ್ನು ಬೆಚ್ಚಗಿನ ಗಾಜಿನ ಮೇಲಿಟ್ಟು
ಡಾಕ್ಟರು ನನ್ನನ್ನು ಕರೆದರು. ಒಂದು ಕಣ್ಣು ಮುಚ್ಚಿ ನೋಡಿದೆ:
ಬಲೆಗೆ ಬಿದ್ದ ಬೂತಾಯಿ ಹಿಂಡು.
ಅರ್ಧ ನೇರ ಹೋಗುತ್ತಿದ್ದವು,
ಉಳಿದವು ನಿಂತಲ್ಲೇ ಸುತ್ತುತ್ತಿದ್ದವು.
"ಇದು ಎರಡು ತಿಂಗಳ ಹಿಂದಿನ ಅವನು," ಎಂದರು,
"ಸೆಕೆಯ ದಿನಗಳ, ನಿಮ್ಮ ದಿನಗಳ ಬೀಜ.
ಇವತ್ತಿನ ಅವನು ಹೇಗಿದ್ದಾನೆಂದು
ಮಳೆಗಾಲದಲ್ಲಿ ನೋಡುವ."
ಭರವಸೆ ಕೊಡಲಿಲ್ಲ. ಫೀಸೂ ಕಮ್ಮಿ ಮಾಡಲಿಲ್ಲ.

ಮೊನ್ನೆ ಸಾಲಿಯಾನರು ಉರ್ವದ ದಿಬ್ಬಣವೊಂದನ್ನು
ಒಪ್ಪಿಕೊಂಡುಬಿಟ್ಟರು. ಡಾಕ್ಟರಿಗೆ ಹೇಳಲಿಲ್ಲ.
ಲೇಡಿಹಿಲ್ಲಿನ ತಿರುವಿನಲ್ಲಿ ಸಾರೋಟು ಎದುರಾಯಿತು.
ಬೊಲ್ಪು ಕೆನೆದ.
ಬ್ಯಾಂಡು ಒಂದು ಪೆಟ್ಟು ತಪ್ಪಿತು,
ಮದುಮಗ ಪೇಟ ಹಿಡಿದುಕೊಂಡ.
ನನ್ನ ಕೈ ಎದ್ದಿತ್ತು, ತನ್ನಷ್ಟಕ್ಕೆ.
ಅವನು ಕಣ್ಣು ಮುಚ್ಚಿ ಕಾದ.

ಎದ್ದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ
ಮದುಮಗನ ಜಾರುತ್ತಿದ್ದ ಚಪ್ಪಲಿಯನ್ನು
ಸರಿಮಾಡಿದೆ.